ಹಿಂದಿನ ಎಡಚಕ್ರಕ್ಕೊಂದು ಬಹಿರಂಗ ಪತ್ರ

ಚಿರಂಜೀವಿ ಎಡಚಕ್ರಕ್ಕೆ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಇತ್ತ ಜಗಲಿಯ ಮೇಲೆ ನಾನು ಕ್ಷೇಮ. ಅತ್ತ ದರೆಯ ಬುಡದಲ್ಲಿ ಅರ್ಧ ಮೈ ಹೂತುಕೊಂಡಿರುವ ನೀನೂ ಕ್ಷೇಮವೆಂದು ನಂಬಿದ್ದೇನೆ. ನಿನ್ನೆ ಸಂಜೆಯಿಂದ ನೀನು ಅಲ್ಲೇ ಇದ್ದೀಯ. ಪುನರ್ವಸು ಮಳೆ ಒಂದೇ ಸಮನೆ ಹೊಯ್ಯುತ್ತಿದೆ. ಟ್ರ್ಯಾಕ್ಟರಿನವನು ಬೆಳಿಗ್ಗೆ ಬರುತ್ತೇನೆ ಎಂದಿದ್ದ, ಯಾವತ್ತಿನ ಬೆಳಿಗ್ಗೆ ಎಂದು ಹೇಳಿರಲಿಲ್ಲ. ಹೇಗೂ ಹೊತ್ತು ಹೋಗಬೇಕಲ್ಲ, ಕಾಫಿ ಕುಡಿದು ಈ ಕಾಗದ ಬರೆಯಲು ಕೂತೆ. ನಮ್ಮಿಬ್ಬರ ಮಾತು ಊರಿಗೆಲ್ಲ ಯಾಕೆ ಎಂದು ನೀನು ಕೇಳಬಹುದು. ನಿನ್ನೆ ನೀನು ಮಾಡಿದ ಸದ್ದು ಆಚೆ ಕೇರಿಯವರೆಗೆ ಕೇಳಿದೆ ಮಾರಾಯ, ಇನ್ನು ಮುಚ್ಚಿಡಲು ಏನು ಉಳಿದಿದೆ?

ಮೊದಲಿಗೆ ನಿನ್ನ ಶ್ರದ್ಧೆಯನ್ನು ಮೆಚ್ಚಬೇಕು. ನಾನು ಪಿಕಪ್ಪಿನ ಆಕ್ಸಿಲರೇಟರ್ ಮೇಲೆ ಕಾಲಿಟ್ಟದ್ದೇ ತಡ, ಹಿಂದುಮುಂದು ನೋಡದೆ ತಿರುಗಿದೆ. ಸ್ಪೀಡೋಮೀಟರಿನ ಮುಳ್ಳು 40 ತೋರಿಸುತ್ತಿತ್ತು. ಕಿಟಕಿಯ ಪಕ್ಕದ ಗುರಿಗೆ ಗಿಡ ಮಾತ್ರ ಕಿಟಕಿಯ ಪಕ್ಕದಲ್ಲೇ ಇತ್ತು. ಒಂದು ಚಕ್ರ ಪೂರ್ತಿ ನಿಂತಾಗ ಇನ್ನೊಂದು ಚಕ್ರ ಮುಳ್ಳು ತೋರಿಸಿದ್ದರ ದುಪ್ಪಟ್ಟು ತಿರುಗುತ್ತದಂತೆ. ಅಂದರೆ ನೀನು ನಿಂತಲ್ಲೇ ಗಂಟೆಗೆ 80 ಕಿಲೋಮೀಟರ್ ಓಡಿದ್ದೀಯ. ಆ ಲೆಕ್ಕದಲ್ಲಿ ಶಿವಮೊಗ್ಗದ ಮಂಡಿಗೆ ಹೋಗಿ ಕಾಫಿ ಕುಡಿಯಬಹುದಿತ್ತು. ಹೋದದ್ದು ಮಾತ್ರ ಒಂದೂವರೆ ಅಡಿ, ಅದೂ ಕೆಳಕ್ಕೆ.

ಅಷ್ಟು ಹೊತ್ತೂ ನಿನ್ನ ಜೋಡಿ ಬಲಚಕ್ರ ಏನು ಮಾಡುತ್ತಿತ್ತು? ಅದು ಗಟ್ಟಿ ನೆಲದ ಮೇಲೆ ಕಾಲೂರಿಕೊಂಡು ನಿನ್ನ ಕುಣಿತ ನೋಡುತ್ತಿತ್ತು. ಅದನ್ನು ಬೈಯೋಣವೆಂದರೆ ತಪ್ಪು ಅದರದ್ದೂ ಅಲ್ಲ, ಗಾಡಿ ಮಾಡಿದ ಕಂಪನಿಯದ್ದೂ ಅಲ್ಲ. ನಿಮ್ಮಿಬ್ಬರ ನಡುವೆ ಡಿಫರೆನ್ಷಿಯಲ್ ಎಂಬ ಪಂಚಾಯ್ತಿದಾರ ಇದ್ದಾನಲ್ಲ, ಅವನದು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಮ್ಮಿ, ಇಬ್ಬರಿಗೂ ಜಗಳವಾಗಬಾರದು ಎಂದು 1820ರ ದಶಕದಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬ ಗಡಿಯಾರದ ಕೆಲಸದವನು ಮಾಡಿಟ್ಟ ಏರ್ಪಾಡು ಅದು. ಟಾರಿನ ಮೇಲೆ ಅದಕ್ಕಿಂತ ನ್ಯಾಯವಂತ ಇಲ್ಲ. ಕೆಸರಿಗೆ ಬಂದರೆ ಅದೇ ನ್ಯಾಯ ಮುಳುವಾಗುತ್ತದೆ. ಇಬ್ಬರಿಗೂ ಸಮಪಾಲು ಕೊಡಬೇಕು, ಆದರೆ ಪಾಲೆಷ್ಟು ಎಂದು ನಿರ್ಧರಿಸುವುದು ಕೈಲಾಗದವನು. ಜಾರುವ ನಿನಗೆ ತಿರುಗಲು ಬೊಗಸೆಯಷ್ಟು ಬಲ ಸಾಕು, ಆದ್ದರಿಂದ ಬಲಚಕ್ರಕ್ಕೂ ಬೊಗಸೆಯಷ್ಟೇ. ಇಂಜಿನ್ನಿನಲ್ಲಿ ಎಷ್ಟು ಕುದುರೆ ಕಟ್ಟಿದ್ದರೂ ಬೊಗಸೆ ದೊಡ್ಡದಾಗುವುದಿಲ್ಲ.

ಇನ್ನೊಂದು ಸೋಜಿಗ ನೋಡು. ನಾವು ತೋಟಕ್ಕೆ ಹೋದದ್ದೇ ಕೊಳೆಗೆ ಎರಡನೇ ಔಷಧಿ ಹೊಡೆಸಲು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಫ್ರಾನ್ಸಿನ ದ್ರಾಕ್ಷಿತೋಟಗಳ ಬೋರ್ಡೋ ದ್ರಾವಣವನ್ನು ನಮ್ಮ ಅಡಿಕೆ ಕೊನೆಗೆ ಹೊಡೆಯಿರಿ ಎಂದು ಹೇಳಿಕೊಟ್ಟ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಅಂದಿನಿಂದ ಇಂದಿನವರೆಗೆ ಅದೇ ಕಷಾಯ. ಒಬ್ಬ ಫ್ರಾನ್ಸಿನವ ಕಂಡುಹಿಡಿದ ಔಷಧಿಯನ್ನು ತೋಟಕ್ಕೆ ಸಾಗಿಸುವ ಗಾಡಿಯನ್ನು ಇನ್ನೊಬ್ಬ ಫ್ರಾನ್ಸಿನವ ಕೆಸರಲ್ಲಿ ನಿಲ್ಲಿಸಿದ. ನಡುವೆ ಸಿಕ್ಕಿಬಿದ್ದವನು ಮಲೆನಾಡಿನವ.

ನೀನು ಹೂತುಕೊಂಡ ಸುದ್ದಿ ರಾತ್ರಿಯೇ ಬೆಂಗಳೂರು ಮುಟ್ಟಿತು. ಅಕ್ಕನ ಮಗ ಫೋನು ಮಾಡಿದ. "ಮಾವ, ಅದನ್ನ ಮಾರಿಬಿಡಿ, ಫೋರ್ ವೀಲ್ ಡ್ರೈವ್ ತಗೊಳಿ." ಮಾರುವುದಕ್ಕೂ ಮೊದಲು ಅದನ್ನು ಕೆಸರಿನಿಂದ ಎತ್ತಬೇಕು ಎಂದೆ. ಹಾಗಾದರೆ ಇದನ್ನೇ ಸಿದ್ಧಮಾಡೋಣ ಎಂದು ಪಟ್ಟಿ ಕಳಿಸಿದ. ಗಾಡಿಯನ್ನು ಮೂರಿಂಚು ಎತ್ತರಿಸುವ ಸ್ಪ್ರಿಂಗು, ಅಗಲ ಟೈರು, ಮುಂದೆ ಕಬ್ಬಿಣದ ಬಂಪರು, ಅದರೊಳಗೆ ವಿಂಚು, ಡಿಫರೆನ್ಷಿಯಲ್ಲಿಗೆ ಬೀಗ. ಒಟ್ಟು ಮೊತ್ತ ನೋಡಿದರೆ ಅಡಿಕೆಯ ಸರಕು, ಬೆಟ್ಟೆ, ರಾಶಿ ಮೂರನ್ನೂ ಮಂಡಿಗೆ ಸುರಿಯಬೇಕು. ನಿನಗೆಂದು ನಾನು ಎತ್ತಿಟ್ಟದ್ದು ಅಗ್ಗದ ಗೊರಬಲು ಮಾರಿ ಬಂದ ದುಡ್ಡು. ಜೊತೆಗೆ ಇವುಗಳಲ್ಲಿ ಕೆಲವನ್ನು ಮಾಡಿಸಿಕೊಂಡರೆ ಆರ್‌ಟಿಒ ಕೈಗೂ ಸಿಗಬೇಕಾಗುತ್ತದೆ. ಕಂಪನಿ ಕೊಟ್ಟ ವಿವರಕ್ಕೆ ಹೊರತಾಗಿ ಗಾಡಿಯನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಮುಂದಿನ ಕಬ್ಬಿಣದ ಗಾರ್ಡುಗಳನ್ನು ತೆಗೆಸಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಬರೆದದ್ದು 2017ರ ಕೊನೆಯಲ್ಲಿ. ರಸ್ತೆಯನ್ನು ಕೆಸರುಗದ್ದೆ ಮಾಡಿಟ್ಟವರಿಗೆ ಯಾವ ಸೆಕ್ಷನ್ ಎಂದು ಹುಡುಕಿದೆ. ಕಣ್ಣಿನ ಪೊರೆಯ ತೊಂದರೆ ಇರಬೇಕು, ಕಾಣಲಿಲ್ಲ.

ರಸ್ತೆಯ ಮಾತು ಬಂತು. ಟಾರಿನಿಂದ ಹೊರಟ ಕಾಂಕ್ರೀಟು ನಮ್ಮ ತೋಟದ ದಿಕ್ಕಿಗೇ ಬರುತ್ತಿತ್ತು. 600 ಮೀಟರ್ ಇರುವಾಗ ಅದಕ್ಕೆ ಆಯಾಸವಾಯಿತು. "ಮುಂದುವರಿದ ಕಾಮಗಾರಿ"ಯ ಕಡತ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ತಿರುಗುತ್ತಿದೆಯಂತೆ. ಅದು ತಿರುಗುವುದೂ ನಿನ್ನ ಹಾಗೆಯೇ. ಇರಲಿ, ನಿನ್ನನ್ನು ಅಧಿಕಾರಿಗಳಿಗೆ ಹೋಲಿಸಿ ಮನಸ್ಸು ನೋಯಿಸುವುದಿಲ್ಲ.

ಅಗಲ ಟೈರು ಬೇಡ ಎಂದದ್ದು ಜಿಪುಣತನಕ್ಕಲ್ಲ. ಮರಳಿನ ಮೇಲೆ, ಆಳ ಗೊತ್ತಿಲ್ಲದ ಜೌಗಿನ ಮೇಲೆ ತೇಲುವುದಕ್ಕೆ ಅಗಲ ಬೇಕು. ನಮ್ಮ ಕೆಸರಿಗೆ ತಳವಿದೆ. ಒಂದು ಗೇಣು ಕೆಮ್ಮಣ್ಣಿನ ಕೆಳಗೆ ಜಂಬಿಟ್ಟಿಗೆ ಸಿಗುತ್ತದೆ. ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1807ರಲ್ಲಿ ಪುಸ್ತಕ ಅಚ್ಚುಹಾಕಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ತೆಗೆದದ್ದಂತೆ. ನಮ್ಮವರ ಹೆಸರಿನಲ್ಲಿ ಇಟ್ಟಿಗೆ ಮೊದಲೇ ಇತ್ತು, ಪುಸ್ತಕ ಇರಲಿಲ್ಲ ಅಷ್ಟೆ. ನಿನ್ನ ಕೆಲಸ ಮೇಲಿನ ಲೊಳೆಯನ್ನು ಸೀಳಿ ಆ ಇಟ್ಟಿಗೆಯನ್ನು ಮುಟ್ಟುವುದು. ಅದಕ್ಕೆ ಕಿರಿದಾದ, ಆಳ ಹಲ್ಲಿನ ಟೈರೇ ಸರಿ. ಆದ್ದರಿಂದ ಲಾರಿಯವರ ಪದ್ಧತಿ ಹಿಡಿದೆ. ಮುಂದಕ್ಕೆ ರಿಬ್, ಹಿಂದಕ್ಕೆ ಲಗ್. ಅದೂ ಹೊಸದಲ್ಲ, ರೀಸೋಲ್ ಮಾಡಿಸಿದ್ದು. ನಿನಗೆ ತೊಡಿಸಿದ ಬಟ್ಟೆ ಹಳೆಯದು ಎಂಬ ಬೇಸರ ಬೇಡ, ನನ್ನ ಕಂಬಳಿ ನಿನಗಿಂತ ಹಳೆಯದು.

ಪೇಟೆಯ ಗ್ಯಾರೇಜಿನ ಸಾಬರು ಇನ್ನೊಂದು ಅಗ್ಗದ ದಾರಿ ತೋರಿಸಿದ್ದರು. "ಗೌಡ್ರೇ, ಹೌಸಿಂಗ್ ಬಿಚ್ಚಿ ಒಳಗಿನ ಗೇರುಗಳಿಗೆ ವೆಲ್ಡಿಂಗ್ ಹೊಡೆದುಬಿಡ್ತೀನಿ. ಆಮೇಲೆ ಎರಡೂ ಚಕ್ರ ಒಂದೇ." ಪಂಚಾಯ್ತಿದಾರನ ಬಾಯಿಗೇ ಬೆಸುಗೆ! ಕೇಳಲು ಚೆನ್ನಾಗಿತ್ತು. ಕೆಸರಿನಲ್ಲಿ ಗಾಡಿ ನಿಜಕ್ಕೂ ಎದ್ದುಬರುತ್ತದೆ. ಆದರೆ ಮಾರನೆಯ ದಿನ ಅಡಿಕೆ ತುಂಬಿಕೊಂಡು ಟಾರಿನ ತಿರುವಿಗೆ ಹೋದರೆ ನೀವಿಬ್ಬರೂ ಒಂದೇ ವೇಗದಲ್ಲಿ ತಿರುಗುತ್ತೇವೆಂದು ಹಟ ಹಿಡಿಯುತ್ತೀರಿ. ಟೈರು ಕಿರಿಚಿ ಸವೆಯುತ್ತದೆ, ಸ್ಟೇರಿಂಗು ಮಾತು ಕೇಳುವುದಿಲ್ಲ, ಒಂದು ದಿನ ಆಕ್ಸಲ್ಲೇ ಮುರಿಯುತ್ತದೆ. ವರ್ಷಕ್ಕೆ ನಾಲ್ಕು ತಿಂಗಳ ಕೆಸರಿಗಾಗಿ ಎಂಟು ತಿಂಗಳ ದಾರಿ ಕೆಡಿಸಿಕೊಳ್ಳುವುದೇ? ಸಾಬರಿಗೆ ಚಹಾ ಕುಡಿಸಿ ಬಂದೆ. ಬರುವಾಗ ಅವರು ಪುಕ್ಕಟೆ ಹೇಳಿಕೊಟ್ಟದ್ದೇ ಹೆಚ್ಚು ಉಪಕಾರಕ್ಕೆ ಬಂತು. ನೀನು ಗಾಳಿಗೆ ತಿರುಗಲು ಶುರುಮಾಡಿದ ಕೂಡಲೇ ಹ್ಯಾಂಡ್‌ಬ್ರೇಕನ್ನು ಎರಡು ಮೂರು ಹಲ್ಲು ಮೇಲೆಳೆಯಬೇಕು. ನಿನ್ನ ಕಾಲಿಗೆ ಹಿಡಿ ಬೀಳುತ್ತದೆ. ಹಿಡಿ ಬಿದ್ದಷ್ಟೂ ನಿನ್ನ ಬೊಗಸೆ ದೊಡ್ಡದಾಗುತ್ತದೆ, ಸಮಪಾಲಿನ ನ್ಯಾಯದಂತೆ ಬಲಚಕ್ರದ್ದೂ. ಗಟ್ಟಿ ನೆಲದಲ್ಲಿರುವ ಅದು ಆಗ ಒಂದು ತಳ್ಳು ತಳ್ಳುತ್ತದೆ. ಹತ್ತರಲ್ಲಿ ಆರು ಸಲ ಇಷ್ಟರಲ್ಲೇ ಪಾರಾಗಿದ್ದೇವೆ. ಖರ್ಚು, ಎರಡು ಲೋಟ ಚಹಾ.

ಗಾಳಿಯ ವಿಷಯಕ್ಕೆ ನೀನೇ ಸಾಕ್ಷಿ. ಕಾಂಕ್ರೀಟು ಮುಗಿಯುವಲ್ಲಿ ನಿಂತು, ಕಡ್ಡಿಯಿಂದ ವಾಲ್ವ್ ಒತ್ತಿ, 50 ಪಿಎಸ್‌ಐ ಹತ್ತಿರವಿದ್ದದ್ದನ್ನು 25ಕ್ಕೆ ಇಳಿಸುತ್ತೇನೆ. ನಿನ್ನ ಪಾದ ಉದ್ದವಾಗಿ ನೆಲಕ್ಕೆ ಊರುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ಟೈರು ರಿಮ್ಮನ್ನೇ ಬಿಟ್ಟು ಹೊರಟೀತು, ಅಷ್ಟು ಆಸೆ ಬೇಡ. ಇಳಿಸುವುದು ಎರಡು ನಿಮಿಷ. ವಾಪಸು ಟಾರಿಗೆ ಹತ್ತುವ ಮೊದಲು ಕಾಲುಪಂಪಿನಲ್ಲಿ ತುಂಬಿಸುವಾಗ ಮಾತ್ರ ನನ್ನದೇ ಗಾಳಿ ಹೋಗುತ್ತದೆ.

ಈಗ ಮುಖ್ಯ ವಿಷಯ, ಭಾರ. ಖಾಲಿ ಪಿಕಪ್ಪಿನ ಇಂಜಿನ್ನು ಮುಂದೆ, ಕೂರುವವನು ಮುಂದೆ, ತಳ್ಳಬೇಕಾದ ನೀವಿಬ್ಬರು ಮಾತ್ರ ಹಿಂದೆ, ತಲೆಯ ಮೇಲೆ ಏನೂ ಇಲ್ಲದೆ. ಅದರಲ್ಲೂ ನಿನ್ನ ಪಾಡು ಇನ್ನೂ ಕಷ್ಟ. ಮೇಲಕ್ಕೆ ಬರುವಾಗ ದರೆ ಎಡಕ್ಕೆ, ಹಳ್ಳ ಬಲಕ್ಕೆ. ಗಾಡಿ ಹಳ್ಳದ ಕಡೆ ವಾಲಿದಾಗ ಇದ್ದಬದ್ದ ಭಾರವೆಲ್ಲ ಬಲಚಕ್ರಕ್ಕೆ, ದರೆಯ ನೀರೆಲ್ಲ ನಿನಗೆ. ಇದಕ್ಕೆ ಮದ್ದು ಔಷಧಿಯ ಬ್ಯಾರೆಲ್ಲು. 200 ಲೀಟರಿನ ಪ್ಲಾಸ್ಟಿಕ್ ಬ್ಯಾರೆಲ್ ಎರಡು ತುಂಬಿಸಿ, ಆಕ್ಸಲ್ಲಿನ ನೆತ್ತಿಯ ಮೇಲೆ ಇಟ್ಟು ಹಗ್ಗ ಬಿಗಿದರೆ ನಾಲ್ಕು ಕ್ವಿಂಟಾಲ್. ತೀರ ಹಿಂದಿನ ಬಾಗಿಲಿಗೆ ಒತ್ತಿಟ್ಟರೆ ಮೂತಿ ಎದ್ದು ಸ್ಟೇರಿಂಗು ಹಗುರಾಗುತ್ತದೆ. ಅರ್ಧ ತುಂಬಿಸಿದರೆ ನೀರು ಆಚೀಚೆ ಹೊಯ್ದಾಡಿ ಗಾಡಿಯನ್ನೇ ಹಳ್ಳಕ್ಕೆ ಕರೆಯುತ್ತದೆ. ತುಂಬಿದರೆ ಪೂರ್ತಿ ತುಂಬಬೇಕು.

ಆದರೆ ಮಲೆನಾಡಿನ ತೋಟ ಇರುವುದು ಕಣಿವೆಯಲ್ಲಿ. ಭಾರ ಬೇಡದ ಇಳುಕಲಿನಲ್ಲಿ ಬ್ಯಾರೆಲ್ಲು ತುಂಬಿರುತ್ತದೆ. ಔಷಧಿಯೆಲ್ಲ ಕೊನೆಗಾರನ ಪೈಪಿನಲ್ಲಿ ಮರ ಹತ್ತಿದ ಮೇಲೆ, ಭಾರ ಬೇಕೇ ಬೇಕಾದ ಉಬ್ಬಿನಲ್ಲಿ ಖಾಲಿ. ಹಾಗಾಗಿ ನಾನೊಂದು ಉಪಾಯ ಮಾಡಿದೆ. ಬರುವಾಗ ಹಳ್ಳದ ನೀರನ್ನೇ ಬ್ಯಾರೆಲ್ಲಿಗೆ ತುಂಬಿಸಿಕೊಂಡು ಬರತೊಡಗಿದೆ. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ. ಅದರ ಮಗ್ಗುಲಿನ ಊರಿನವನೊಬ್ಬ, ಸುರಿಯುವ ಮಳೆಯಲ್ಲಿ, ಹಳ್ಳದಿಂದ ನಾನೂರು ಲೀಟರ್ ನೀರು ಹೊತ್ತು ಮನೆಗೆ ಬಂದು, ಅಂಗಳದ ನೀರಿಗೆ ಅದನ್ನು ಸುರಿಯುತ್ತಾನೆ. ನೋಡಿದವರಿಗೆ ಏನನ್ನಿಸಬೇಕು? ಮೊನ್ನೆ ಪಕ್ಕದ ಮನೆಯವರು ತಿರುವಿನಲ್ಲಿ ಕೊಡೆ ಹಿಡಿದು ನಿಂತು ಕೇಳಿಯೇಬಿಟ್ಟರು. "ಬಾವಿ ಬತ್ತಿತಾ ಗೌಡ್ರೇ?"

ಇನ್ನು ನಿಜ ಹೇಳಿಬಿಡುತ್ತೇನೆ. ನಿನ್ನೆ ಸಂಜೆ ನಾನು ಬ್ಯಾರೆಲ್ಲು ತುಂಬಿಸಲಿಲ್ಲ. ಅವರು ಅದೇ ಕೊಡೆಯಡಿಯಲ್ಲಿ ಅದೇ ತಿರುವಿನಲ್ಲಿ ನಿಂತಿರುತ್ತಾರೆ ಎಂದು ಗೊತ್ತಿತ್ತು. ಮರ್ಯಾದೆ ಉಳಿಸಿಕೊಳ್ಳಲು ಖಾಲಿ ಬಂದೆ. ನಿಂತೇ ಇದ್ದರು. ನಾನು ಅವರ ಮುಖ ನೋಡದಿರಲು ಹೋಗಿ ಅರೆಕ್ಷಣ ಕಾಲು ಸಡಿಲಿಸಿದೆ. ಎರಡನೇ ಗೇರಿನಲ್ಲಿ ಒಂದೇ ಹದದಲ್ಲಿ ನಿಲ್ಲದೆ ಹತ್ತಬೇಕಾದ ಜಾಗದಲ್ಲಿ ಗಾಡಿ ನಿಂತಿತು. ನಿಂತ ಮೇಲೆ ಗಾಬರಿಗೆ ಆಕ್ಸಿಲರೇಟರ್ ತುಳಿದೆ. ನಾನು ಹೇಳಿದ್ದನ್ನು ನೀನು ಮಾಡಿದೆ. ಡಿಫರೆನ್ಷಿಯಲ್ಲಿನ ಹೌಸಿಂಗು ದಾರಿಯ ನಡುದಿಬ್ಬದ ಮೇಲೆ ಕೂತ ಮೇಲೆ ಹ್ಯಾಂಡ್‌ಬ್ರೇಕಿಗೂ ಕೆಲಸವಿರಲಿಲ್ಲ.

ಅಡಿಕೆ ಮರ ಸೀಳಿದ ದಬ್ಬೆ ಇರಲಿಲ್ಲವೇ ಎಂದು ನೀನು ಕೇಳುವುದು ನ್ಯಾಯವೇ. ನಾಲ್ಕು ದಬ್ಬೆಗಳನ್ನು ಏಣಿಯ ಹಾಗೆ ಅಡ್ಡಪಟ್ಟಿ ಹೊಡೆದು ಜೋಡಿಸಿ ಹಿಂದೆ ಇಟ್ಟಿದ್ದೆ, ಸಿಕ್ಕಿಕೊಂಡಾಗ ನಿನ್ನ ಬಾಯಿಗೆ ಕೊಡಲು. ಅದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ, ಸುಮ್ಮನೆ ತೋಟದಲ್ಲಿ ಸಿಗುತ್ತದೆ. ಮಳೆಗಾಲದ ಸೌದೆಯ ಬರದಲ್ಲಿ ಮನೆಯವಳು ಅದನ್ನು ಬಚ್ಚಲೊಲೆಗೆ ಇಟ್ಟಳು. ಹಂಡೆಯ ನೀರು ಚೆನ್ನಾಗಿ ಕಾದಿತ್ತು, ಆ ನೀರಿನಲ್ಲಿ ಮಿಂದವನು ನಾನೇ, ಹಾಗಾಗಿ ಮಾತಾಡುವಂತಿಲ್ಲ. ದಬ್ಬೆಯ ಬದಲಿಗೆ ಕೊನೆಗಾರನ ಹುಡುಗ ಅಡಿಕೆ ಹಾಳೆ ತಂದು ನಿನ್ನ ಕೆಳಗೆ ತುರುಕಿದ. ಹಾಳೆಯ ಮೇಲೆ ಕೂತು ಗುಡ್ಡದಿಂದ ಜಾರಿ ಚಡ್ಡಿ ಹರಿದುಕೊಂಡ ಊರಿನಲ್ಲಿ, ಜಾರದಿರಲಿ ಎಂದು ಹಾಳೆ ಹಾಕಿದವನು ಅವನೊಬ್ಬನೇ ಇರಬೇಕು. ನೀನು ಅದನ್ನು ಹಿಂದಕ್ಕೆ ಎಸೆದ ರಭಸಕ್ಕೆ ಅದು ಕೊಡೆಯವರ ಕೊಡೆಗೇ ಹೋಗಿ ಬಿತ್ತು. ನಿನ್ನೆಯ ದಿನದಲ್ಲಿ ನೀನು ಮಾಡಿದ ಒಂದೇ ಸರಿಯಾದ ಕೆಲಸ ಅದು.

ಆಳುಗಳು ಹಿಂದೆ ಹತ್ತಿ ನಿಂತಿದ್ದರೆ ಭಾರ ಸಿಗುತ್ತಿತ್ತು ಎಂದು ಯಾರೋ ಹೇಳಿದರು. ಸಾಮಾನು ಗಾಡಿಯಲ್ಲಿ ಜನರನ್ನು ತುಂಬುವುದು ತಪ್ಪು, ಜೊತೆಗೆ ನಮ್ಮ ಆಳುಗಳಿಗೆ ನಿನ್ನ ಪರಿಚಯ ಚೆನ್ನಾಗಿದೆ. ಅವರು ಮೊದಲಿನಿಂದಲೂ ನಡೆದೇ ಬರುತ್ತಾರೆ. ನಿನ್ನೆ ಅವರು ಮನೆ ಮುಟ್ಟಿ ಚಹಾ ಮುಗಿಸಿದ ಮೇಲೆ ನಾನು ಮುಟ್ಟಿದೆ.

ಪುಷ್ಯ ಮಳೆಗೆ ಚೈನು ಕಟ್ಟುತ್ತೇನೆ. ಹಳೆಯ ಜೀಪಿನವರು ಮಳೆಗಾಲದಲ್ಲಿ ಟೈರಿಗೆ ಸುತ್ತುತ್ತಿದ್ದ ಸರಪಳಿಯೊಂದು ಅಟ್ಟದಲ್ಲಿದೆ. ಕಾಂಕ್ರೀಟಿಗೆ ಬರುವ ಮೊದಲು ಬಿಚ್ಚಬೇಕು, ಬ್ರೇಕಿನ ಪೈಪಿಗೆ ತಾಗದಂತೆ ಬಿಗಿಯಬೇಕು, ಬೆರಳು ಜಜ್ಜಿಕೊಳ್ಳಬೇಕು. ಹಗ್ಗ ಹೊಸದು ತಂದಿದ್ದೇನೆ. ದಬ್ಬೆ ಸೀಳಲು ಹೇಳಿದ್ದೇನೆ, ಈ ಸಲ ಎಂಟು, ನಾಲ್ಕು ನಿನಗೆ, ನಾಲ್ಕು ಬಚ್ಚಲಿಗೆ. ಬ್ಯಾರೆಲ್ಲನ್ನು ಯಾರು ನೋಡಿದರೂ ತುಂಬಿಸುತ್ತೇನೆ. ನಿನ್ನನ್ನು ಎತ್ತಿದ ಮೇಲೆ ಡ್ರಮ್ಮಿನೊಳಗಿನ ಕೆಸರನ್ನು ತೊಳೆಸಬೇಕು, ಇಲ್ಲದಿದ್ದರೆ ಬ್ರೇಕು ಕಚ್ಚುವುದಿಲ್ಲ. ಅದಕ್ಕೆ ನೀರು ಎಲ್ಲಿಂದ ತರಲಿ ಎಂದು ಮಾತ್ರ ಕೇಳಬೇಡ.

ಇಂತಿ,
ಸ್ಟೇರಿಂಗ್ ಹಿಡಿದುಕೊಂಡ ಪಾಪಕ್ಕೆ
ನಿನ್ನ ಯಜಮಾನ

ತಾ.ಕ.: ಟ್ರ್ಯಾಕ್ಟರು ಬಂತು. ಅದಕ್ಕೆ ಕಾಲ ಬುಡದಲ್ಲೇ ಡಿಫರೆನ್ಷಿಯಲ್ ಲಾಕಿನ ಪೆಡಲ್ ಇದೆ, ಒತ್ತಿದರೆ ಎರಡೂ ಚಕ್ರ ಒಂದಾಗುತ್ತವೆ. ಆ ಪೆಡಲ್ ತುಕ್ಕು ಹಿಡಿದು ಎಷ್ಟು ವರ್ಷವಾಯಿತೋ, ಒತ್ತಿದರೆ ಅಲುಗುವುದಿಲ್ಲ. ಈಗ ಅದು ನಿನ್ನ ಮುಂದೆ ಹತ್ತು ಮಾರು ದೂರದಲ್ಲಿ ಹೂತುಕೊಂಡಿದೆ. ಅದರದ್ದೂ ಎಡಚಕ್ರವೇ. ಟ್ರ್ಯಾಕ್ಟರಿನವನು ಅಂಗಳದಲ್ಲಿ ನಿಂತು, "ಗೌಡ್ರೇ, ಒಂದೆರಡು ದಬ್ಬೆ ಇದ್ರೆ ಕೊಡಿ" ಎನ್ನುತ್ತಿದ್ದಾನೆ.