ಇಲ್ಲದ ಮಸಿಗೆ ಇರುವ ಬಿಲ್ಲು

ಆಯಿಲ್ ಬದಲಿಸಲೆಂದು ಸರ್ವಿಸ್ ಸೆಂಟರಿಗೆ ಹೋಗಿ. ಬಾನೆಟ್ ತೆರೆಯುವ ಮೊದಲೇ ಅಡ್ವೈಸರ್ ಬಾಯಿ ತೆರೆಯುತ್ತಾನೆ: "ಸಾರ್, ಡಿಕಾರ್ಬ್ ಮಾಡಿಸಿಬಿಡಿ. ಪಿಕಪ್ ಸೂಪರ್ ಆಗಿರುತ್ತೆ." ಡಿಕಾರ್ಬ್ ಎಂದರೆ ಎಂಜಿನ್ ಒಳಗಿನ ಮಸಿ ತೆಗೆಯುವುದು. ಮಸಿ ಕೂತಿದೆಯೆಂದು ಅವನಿಗೆ ಹೇಗೆ ಗೊತ್ತಾಯಿತು? ಎಸ್ಟಿಮೇಟಿನಲ್ಲಿ ಮೊದಲೇ ಅಚ್ಚಾಗಿದೆಯಲ್ಲ, ಹಾಗೆ.

ಮಸಿ ಸುಳ್ಳಲ್ಲ. ಅದು ಎಲ್ಲಿ, ಯಾಕೆ ಕೂರುತ್ತದೆ ಎಂಬುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಹಳೆಯ ಪದ್ಧತಿಯ ಪೆಟ್ರೋಲ್ ಎಂಜಿನ್ನಿನಲ್ಲಿ ಪೆಟ್ರೋಲು ಇನ್‌ಟೇಕ್ ವಾಲ್ವಿನ ಬೆನ್ನಿಗೆ ಬಿದ್ದೇ ಒಳಗೆ ಹೋಗಬೇಕು. ವಾಲ್ವಿಗೆ ದಿನವೂ ಅಭ್ಯಂಜನ. 1996ರಲ್ಲಿ ಮಿತ್ಸುಬಿಷಿ ಜಿಡಿಐ, ಅಂದರೆ ಗ್ಯಾಸೊಲಿನ್ ಡೈರೆಕ್ಟ್ ಇಂಜೆಕ್ಷನ್, ತಂದಿತು. ಆಮೇಲೆ ಒಬ್ಬೊಬ್ಬರಾಗಿ ಬಹಳಷ್ಟು ಕಂಪನಿಯವರು ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸತೊಡಗಿದರು. ಶಕ್ತಿ ಏರಿತು, ಮೈಲೇಜ್ ಏರಿತು, ವಾಲ್ವಿನ ಸ್ನಾನ ನಿಂತಿತು. ಇತ್ತ ಕ್ರ್ಯಾಂಕ್‌ಕೇಸಿನ ಆಯಿಲ್ ಹಬೆಯನ್ನು ಹೊರಗೆ ಬಿಡುವಂತಿಲ್ಲ, ಮಾಲಿನ್ಯ. ಅದನ್ನು ಇನ್‌ಟೇಕಿಗೇ ತಿರುಗಿಸಿದ್ದಾರೆ. ಬಿಸಿ ವಾಲ್ವಿನ ಮೇಲೆ ಅದು ಸುಟ್ಟು ಕಿಟ್ಟ ಕಟ್ಟುತ್ತದೆ. ಊರಿನ ಗಾಳಿ ಚೊಕ್ಕಟವಾಗಿರಲಿ ಎಂದು ಎಂಜಿನ್ ತನ್ನ ಕೊಳೆಯನ್ನು ತಾನೇ ನುಂಗುತ್ತದೆ.

ಟೊಯೊಟಾದವರು ಡಿ-4ಎಸ್ ಎಂಜಿನ್ನಿಗೆ ವಾಲ್ವಿನ ಬೆನ್ನಿಗೊಂದು, ಸಿಲಿಂಡರಿಗೊಂದು ಎಂದು ಎರಡೂ ಬಗೆಯ ಇಂಜೆಕ್ಟರ್ ಕೊಟ್ಟರು. ಎಲ್ಲರೂ ಕೊಡಲಿಲ್ಲ. ದುಡ್ಡು ಬೇಕಲ್ಲ.

ಈಗ ತಮಾಷೆ ನೋಡಿ. ಪೆಟ್ರೋಲ್ ವ್ಯಾಗನ್‌ಆರ್‌ನ ವಾಲ್ವು ಇವತ್ತಿಗೂ ಪೆಟ್ರೋಲಿನಲ್ಲೇ ಮೀಯುತ್ತದೆ. ಅದಕ್ಕೂ ಡಿಕಾರ್ಬ್! ನಿಜವಾಗಿ ಕಿಟ್ಟ ಕಟ್ಟುವ ಟರ್ಬೊ ಜಿಡಿಐ ಕಾರಿನವನಿಗೆ? ಟ್ಯಾಂಕಿಗೆ ಸುರಿಯಲು ಒಂದು ಬಾಟಲಿ. ಪೆಟ್ರೋಲೇ ಮುಟ್ಟದ ವಾಲ್ವನ್ನು ಪೆಟ್ರೋಲಿನಲ್ಲಿ ಬೆರೆತ ಔಷಧ ತೊಳೆಯುತ್ತದಂತೆ. ಇಂಜೆಕ್ಟರಿನ ಮೂತಿ ಶುದ್ಧವಾದೀತು. ವಾಲ್ವಿನ ಬೆನ್ನಿಗೆ ಹನಿಯೂ ತಾಗದು.

ಸರಿಯಾದ ಕೆಲಸ ಬೇರೆಯೇ ಇದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಬೇಕು. ವಾಲ್ವು ಮುಚ್ಚಿರುವಾಗ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಬಡಿದು, ಉದುರಿದ್ದನ್ನೆಲ್ಲ ವ್ಯಾಕ್ಯೂಮಿನಲ್ಲಿ ಹೀರಬೇಕು. ಚಿಪ್ಪು ಕಿಟ್ಟವನ್ನು ಕೀಳುತ್ತದೆ, ಲೋಹವನ್ನು ಗೀರುವುದಿಲ್ಲ. ಗಂಟೆಗಟ್ಟಲೆ ಹಿಡಿಯುವ, ಕೈ ಕಪ್ಪಾಗುವ ಕೆಲಸ. ಡಿಕಾರ್ಬಿನ ಹೈಡ್ರೋಜನ್ ಪೆಟ್ಟಿಗೆಯ ಪೈಪು ಸಿಕ್ಕಿಸಿ, ಚಹಾ ಕುಡಿದು ಬಂದು ಬಿಲ್ ಹರಿಯಬಹುದಾದಾಗ ಸ್ಪ್ಯಾನರ್ ಹಿಡಿಯುವವರು ಯಾರು?

ಗಿರಾಕಿಯೂ ಸಾಚಾ ಅಲ್ಲ. ಕೂಗಳತೆಯ ತರಕಾರಿ ಅಂಗಡಿಗೆ ಡೀಸೆಲ್ ಎಸ್‌ಯುವಿ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್6 ಜಾರಿಯಾದ ಮೇಲೆ ಡೀಸೆಲ್ ಕಾರಿನ ಹೊಗೆಕೊಳವೆಗೆ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್ ಬಂದಿದೆ. ಹಿಡಿದಿಟ್ಟ ಮಸಿಯನ್ನು ಅದು ಹೆದ್ದಾರಿಯ ಓಟದ ಬಿಸಿಯಲ್ಲಿ ಸುಟ್ಟುಕೊಳ್ಳುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಆ ಓಟ ಎಲ್ಲಿಂದ ತರೋಣ? ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಕೊಳ್ಳುತ್ತದೆ.

ಆಗ ನಮ್ಮ ಬುದ್ಧಿವಂತ ಏನು ಮಾಡುತ್ತಾನೆ? ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ದಾರಿಗೆ ತಗಡು ಹೊಡೆಸುತ್ತಾನೆ. ಡಿಪಿಎಫ್‌ನ ಒಳಗನ್ನು ಕೊರೆಸಿ ಬಿಸಾಡುತ್ತಾನೆ. ಎಮಿಷನ್ ಸರ್ಟಿಫಿಕೇಟನ್ನೂ ಜೇಬಿಗಿಳಿಸುತ್ತಾನೆ. ಸಂಜೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಂಗಳೂರಿನ ಗಾಳಿ ಕೆಟ್ಟುಹೋಯಿತೆಂದು ಗೋಳಾಡುತ್ತಾನೆ. ಇವನ ಎಂಜಿನ್ನಿಗೆ ಡಿಕಾರ್ಬ್ ಉಂಟು. ಹಿಂದೆ ಬರುವ ಸ್ಕೂಟರಿನವನ ಶ್ವಾಸಕೋಶಕ್ಕೆ ಯಾವ ಸರ್ವಿಸ್ ಸೆಂಟರು?

ಕಂಪನಿ ಹೇಳಿದ ಗ್ರೇಡಿನ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿ, ಆಗಾಗ ಕಾರನ್ನು ಊರಾಚೆ ಚೆನ್ನಾಗಿ ಓಡಿಸಿದರೆ ಮಸಿ ಕೂರುವುದು ನಿಧಾನವಾಗುತ್ತದೆ. ಇದರಲ್ಲಿ ಇನ್ಸೆಂಟಿವ್ ಇಲ್ಲ. ಹಾಗಾಗಿ ಅಡ್ವೈಸರ್ ಹೇಳುವುದಿಲ್ಲ.

ಮುಂದಿನ ಸಲ ಅವನನ್ನು ಎರಡೇ ಪ್ರಶ್ನೆ ಕೇಳಿ. ನನ್ನದು ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನೇ? ವಾಲ್ವಿನ ಮೇಲಿನ ಮಸಿಯನ್ನು ಕ್ಯಾಮೆರಾ ಒಳಗಿಳಿಸಿ ತೋರಿಸುತ್ತೀರಾ? ಉತ್ತರ ಬಾರದಿದ್ದರೆ ಡಿಕಾರ್ಬ್ ಎಂಬ ಸಾಲನ್ನು ಪೆನ್ನಿನಲ್ಲಿ ಹೊಡೆದುಹಾಕಿ, ಆಮೇಲೆ ಸಹಿ ಮಾಡಿ.