ಗ್ರಾಫಿಕ್ಸ್ ಕಾರ್ಡ್ ದೋಷಾದೋಷ ನಿರ್ಣಯಂ: ಬೈಕುಲ್ಲಾ ಶಾಖೆ

ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’. ಅದರ ಮೊದಲ ಪರಿಚ್ಛೇದವೇ ದೋಷಾದೋಷಗಳ ವಿಚಾರಕ್ಕೆ ಮೀಸಲು. ಒಂಬತ್ತನೆಯ ಶತಮಾನದಲ್ಲೇ ಇಷ್ಟು ಭದ್ರವಾದ ತಳಪಾಯ ಬಿದ್ದಿದ್ದರೂ ಗೇಮಿಂಗ್ ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ನಮ್ಮ ಲಾಕ್ಷಣಿಕರು ತಾಳಿದ ಮೌನ ಕ್ಷಮಾರ್ಹವಲ್ಲ. ಆ ಕೊರತೆ ನೀಗಲೆಂದು ಮುಂಬೈಯ ಬೈಕುಲ್ಲಾದ ನೂರೆಂಬತ್ತು ಚದರಡಿಯ ಖೋಲಿಯೊಂದರಲ್ಲಿ ಈ ಶಾಸ್ತ್ರಾರ್ಥ ನಡೆಯಿತು. ಪೂರ್ವಪಕ್ಷ ಹೂಡಿದವನು ಕಾಲೇಜಿಗೆ ಹೋಗುವ ಅಕ್ಕನ ಮಗ. ಸಿದ್ಧಾಂತಿ, ದುಡ್ಡು ಬಿಚ್ಚಬೇಕಾದ ಸೋದರಮಾವ, ಅಂದರೆ ಪ್ರಬಂಧಕಾರ. ಮಧ್ಯಸ್ಥಿಕೆ, ಲೈಟ್ ಬಿಲ್ ಕಟ್ಟುವ ಅಕ್ಕನದು.

ಮೊದಲು ಕರ್ತೃತ್ವ ವಿಚಾರ. ಕವಿರಾಜಮಾರ್ಗವನ್ನು ಬರೆದವನು ದೊರೆ ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂಬ ಜಗಳ ವಿದ್ವಾಂಸರಲ್ಲಿ ಬಹುಕಾಲ ನಡೆಯಿತು. ಕಾರ್ಡಿನದೂ ಅದೇ ಪಾಡು. ಚಿಪ್ಪಿನ ಕಲ್ಪನೆ ಕ್ಯಾಲಿಫೋರ್ನಿಯಾದ ಎನ್ವಿಡಿಯಾದ್ದು, ಅದನ್ನು ಸಿಲಿಕಾನಿನ ಮೇಲೆ ಕೊರೆದದ್ದು ತೈವಾನಿನ ಟಿಎಸ್‌ಎಂಸಿ, ಬೋರ್ಡು ಫ್ಯಾನು ಕೂಡಿಸಿ ಡಬ್ಬಿಗೆ ತುಂಬಿದ್ದು ಏಸಸ್, ಎಂಎಸ್‌ಐ, ಝೋಟ್ಯಾಕ್ ಮುಂತಾದವರು. ನನ್ನ ಮತದಲ್ಲಿ ಎನ್ವಿಡಿಯಾ ದೊರೆ, ಟಿಎಸ್‌ಎಂಸಿ ಕವಿ, ಉಳಿದವರು ಲಿಪಿಕಾರರು. ಆದರೆ ವಾರಂಟಿ ಕೊಡುವವರು ಲಿಪಿಕಾರರೇ. ಫ್ಯಾನು ಕೆಟ್ಟರೆ ಅರಮನೆಯ ಬಾಗಿಲು ತಟ್ಟಿ ಉಪಯೋಗವಿಲ್ಲ.

ವಿಚಾರಕ್ಕೆ ಎತ್ತಿಕೊಂಡ ವಸ್ತು ಆರ್‌ಟಿಎಕ್ಸ್ 4060. ಹುಟ್ಟಿದ್ದು 2023ರ ಜೂನ್. ನೆನಪು 8 ಜಿಬಿ. ಎಳೆಯುವ ವಿದ್ಯುತ್ತು 115 ವ್ಯಾಟ್. ಇದರ ಅಣ್ಣ 3060, 2021ರಲ್ಲಿ 12 ಜಿಬಿಯೊಂದಿಗೆ ಹುಟ್ಟಿದವನು, 170 ವ್ಯಾಟ್ ಉಣ್ಣುವವನು. ತಮ್ಮನಿಗೆ ಅಣ್ಣನಿಗಿಂತ ನೆನಪು ಕಡಿಮೆ, ನೆನಪಿಗೆ ಹೋಗುವ ದಾರಿಯೂ 192 ಬಿಟ್‌ನಿಂದ 128ಕ್ಕೆ ಇಳಿದಿದೆ. ಸೆಕೆಂಡಿಗೆ 360 ಜಿಬಿ ಸಾಗುತ್ತಿದ್ದ ಕಡೆ 272 ಮಾತ್ರ. ಲೋಕದಲ್ಲಿ ಇದನ್ನು ಅವನತಿ ಎನ್ನುತ್ತಾರೆ. ಶಾಸ್ತ್ರದಲ್ಲಿ ‘ಹೊಸ ಆರ್ಕಿಟೆಕ್ಚರ್’ ಎನ್ನಬೇಕು. ಪರಿಹಾರವಾಗಿ ಚಿಪ್ಪಿನೊಳಗೇ 24 ಎಂಬಿಯ ದೊಡ್ಡ ಕ್ಯಾಶ್ ಇಟ್ಟಿದ್ದಾರೆ. ಪದೇ ಪದೇ ಬೇಕಾದದ್ದು ಕೈಗೆಟುಕಿದರೆ ಉಗ್ರಾಣಕ್ಕೆ ಓಡುವ ಕೆಲಸ ತಪ್ಪುತ್ತದೆ. ಹಾಗಾಗಿ 1080ಪಿ ಪರದೆಯ ಮೇಲೆ ತಮ್ಮನೇ ಸಾಮಾನ್ಯವಾಗಿ ಮುಂದು. ಭಾರೀ ಟೆಕ್ಸ್‌ಚರಿನ ಹೊಸ ಆಟಗಳಲ್ಲಿ 8 ಜಿಬಿ ತುಂಬಿ ಚೆಲ್ಲಿದಾಗ ಮಾತ್ರ ಚಿತ್ರ ತಡವರಿಸುತ್ತದೆ. ಅಣ್ಣ ಆಗ ನಿಧಾನವಾಗಿಯಾದರೂ ಮುಗ್ಗರಿಸದೆ ನಡೆಯುತ್ತಾನೆ.

ಈ ಅರಿವು ಯಾವ ಪ್ರಮಾಣದಿಂದ ಬಂತು? ಪ್ರತ್ಯಕ್ಷವೆಂದರೆ ಪರದೆಯ ಮೂಲೆಯಲ್ಲಿ ಕುಣಿಯುವ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮು ಎಂಬ ಅಂಕಿ. ಅದನ್ನೂ ನಂಬುವಂತಿಲ್ಲ. 4060 ಎರಡು ನಿಜ ಫ್ರೇಮುಗಳ ನಡುವೆ ಊಹಿಸಿದ ಫ್ರೇಮೊಂದನ್ನು ತೂರಿಸಬಲ್ಲದು. 2025ರ 5060 ಹುಟ್ಟಿದಾಗಲೇ ಒಂದು ನಿಜ ಫ್ರೇಮಿಗೆ ಮೂರು ಸೃಷ್ಟಿತ ಫ್ರೇಮುಗಳವರೆಗೆ ಕೊಡುತ್ತಿತ್ತು. ಅಂದರೆ ಕಂಡದ್ದರಲ್ಲಿ ಮುಕ್ಕಾಲು ಪಾಲು ಮಾಯೆ. ಅದ್ವೈತಿಗಳು ಪೂರ್ತಿ ಮಾಯೆ ಎಂದರು. ಎನ್ವಿಡಿಯಾ ಆಗ ಕಾಲು ಪಾಲನ್ನಾದರೂ ಉಳಿಸಿತ್ತು. ಮಾಯೆಯಿಂದ ಅಂಕಿ ಏರುತ್ತದೆ, ಮೌಸ್ ಒತ್ತಿದ್ದಕ್ಕೆ ಉತ್ತರ ಬೇಗ ಬರುವುದಿಲ್ಲ. “ಆದರೂ ಕಣ್ಣಿಗೆ ಸ್ಮೂತ್ ಕಾಣ್ತದಲ್ಲ ಮಾವ?” ಎಂದು ಪೂರ್ವಪಕ್ಷಿ. ಹಗ್ಗ ಕಂಡು ಹೆದರಿದವನೂ ಹಾವು ಕಂಡಿತೆಂದೇ ಹೇಳಿದ್ದು.

ಶಬ್ದಪ್ರಮಾಣ, ಅಂದರೆ ಡಬ್ಬಿಯ ಮೇಲಿನ ಬರಹ. 2014ರ ಜಿಟಿಎಕ್ಸ್ 970ರ ಮೇಲೆ 4 ಜಿಬಿ ಎಂದಿತ್ತು. ಕೊನೆಯ ಅರ್ಧ ಜಿಬಿ ತೀರಾ ನಿಧಾನದ್ದೆಂದು ಮುಂದೆ ಗೊತ್ತಾಗಿ, 2016ರಲ್ಲಿ ಅಮೆರಿಕದ ಗ್ರಾಹಕರಿಗೆ ಕಾರ್ಡಿಗೆ 30 ಡಾಲರಿನಂತೆ ಕೊಡಲು ಕಂಪನಿ ಒಪ್ಪಿತು. ಆಪ್ತವಾಕ್ಯದ ಬಗ್ಗೆ ಇಷ್ಟು ಸಾಕು.

ಅನುಮಾನಕ್ಕೆ ತಾರ್ಕಿಕರ ಹಳೆಯ ಉದಾಹರಣೆ, ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿ. 2022ರ ಅಕ್ಟೋಬರಿನಲ್ಲಿ ಬಂದ 4090 ಇದಕ್ಕೆ ಬೆಟ್ಟದ ಹಂಗನ್ನೇ ತಪ್ಪಿಸಿತು. ಕೆಲವರ ಕಾರ್ಡುಗಳಲ್ಲಿ ಕರೆಂಟಿನ ಕನೆಕ್ಟರೇ ಕರಗಿತು. ಪ್ಲಗ್ ಪೂರ್ತಿ ಒಳಗೆ ಕೂರದಿದ್ದದ್ದು ಕಾರಣ ಎಂಬುದು ಎನ್ವಿಡಿಯಾ ಭಾಷ್ಯ. ಆ ಮಹಾಕಾಯದ ಉದ್ದ 304 ಮಿಲಿಮೀಟರ್, ಒಂದಡಿಗೆ ಒಂದು ಮಿಲಿಮೀಟರೂ ಕಡಿಮೆಯಿಲ್ಲ. ಅಡಿಯ ಲೆಕ್ಕದಲ್ಲಿ ಜಾಗ ಮಾರುವ ಈ ಶಹರದಲ್ಲಿ ಅದು ಕಾರ್ಡಲ್ಲ, ಬಾಡಿಗೆದಾರ. ಎಳೆಯುವುದು 450 ವ್ಯಾಟ್, ಆರು ಸೀಲಿಂಗ್ ಫ್ಯಾನುಗಳ ಕರೆಂಟು. ದಿನಕ್ಕೆ ನಾಲ್ಕು ತಾಸು ಪೂರ್ತಿ ಓಡಿಸಿದರೆ ತಿಂಗಳಿಗೆ 54 ಯುನಿಟ್. 4060 ಆದರೆ ಹದಿನಾಲ್ಕು ಸಾಕು. ಬೆಸ್ಟ್‌ನ ಲೈಟ್ ಬಿಲ್ಲನ್ನು ಕನ್ನಡಕವಿಲ್ಲದೆಯೂ ಓದಬಲ್ಲ ಅಕ್ಕ ಇಲ್ಲಿ ತಲೆಯೆತ್ತಿದಳು. ಎಳೆದದ್ದೆಲ್ಲ ಕೊನೆಗೆ ಬಿಸಿಯಾಗಿ ಖೋಲಿಯಲ್ಲೇ ಉಳಿಯುತ್ತದೆಂದಾಗ ಎದ್ದೇ ನಿಂತಳು. “ರಾಣಿಬಾಗ್ ಝೂನಲ್ಲಿ ಪೆಂಗ್ವಿನ್ ಸಾಕಿದ್ದಾರಲ್ಲ, ಕಾರ್ಡನ್ನು ತಂಪಾಗಿಡೋದು ಏನು ಮಹಾ?” ಎಂದ ಪೂರ್ವಪಕ್ಷಿ. 2016ರಲ್ಲಿ ದಕ್ಷಿಣ ಕೊರಿಯಾದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ನಮ್ಮ ಬೈಕುಲ್ಲಾಕ್ಕೆ ಬಂದದ್ದು ನಿಜ. ಆದರೆ ಅವುಗಳ ಎಸಿ ಖರ್ಚು ಮಹಾನಗರಪಾಲಿಕೆಯದು.

ರೇ ಟ್ರೇಸಿಂಗ್ ಎಂಬ ಅಲಂಕಾರವೂ ಉಂಟು: ಕೆಸರುನೀರಿನಲ್ಲಿ ಬೆಳಕು ಪ್ರತಿಫಲಿಸುವ ಬಗೆಯನ್ನು ಕಿರಣ ಕಿರಣವಾಗಿ ಲೆಕ್ಕ ಹಾಕುವುದು. ಜುಲೈ ತಿಂಗಳಲ್ಲಿ ಸ್ಟೇಷನ್ನಿನ ಹೊರಗೆ ಇದು ಪುಕ್ಕಟೆ.

ಉಳಿದದ್ದು ಸೆಕೆಂಡ್ ಹ್ಯಾಂಡ್ ಮತ. ಕಂಪ್ಯೂಟರ್ ಸಾಮಾನಿನ ಪೇಟೆಯಾದ ಲ್ಯಾಮಿಂಗ್ಟನ್ ರೋಡು ಬೈಕುಲ್ಲಾಕ್ಕೆ ಹತ್ತಿರವೇ, ಆದರೆ ಅಲ್ಲಿಗೆ ಇಳಿಯಬೇಕಾದ ಗ್ರ್ಯಾಂಟ್ ರೋಡ್ ಸ್ಟೇಷನ್ ಪಶ್ಚಿಮ ರೈಲ್ವೆಯದಾದ್ದರಿಂದ ನೇರ ಲೋಕಲ್ ಇಲ್ಲ, ಟ್ಯಾಕ್ಸಿ ಹಿಡಿಯಬೇಕು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ನಾಣ್ಯದ ಮೈನಿಂಗ್ ನಿಂತುಹೋಗಿ, ಅದಕ್ಕಾಗಿ ಹಗಲಿರುಳು ದುಡಿದ ಕಾರ್ಡುಗಳು ಲೋಕದಾದ್ಯಂತ ಮಾರಾಟಕ್ಕೆ ಬಿದ್ದವು. ಸನ್ಯಾಸಿಯ ಪೂರ್ವಾಶ್ರಮ ಕೇಳಬಾರದೆಂಬುದು ನಮ್ಮ ಸಂಪ್ರದಾಯ. ಕಾರ್ಡಿನದನ್ನು ಕೇಳಲೇಬೇಕು. ಕೇಳಿದರೆ ಸಿಗುವ ಉತ್ತರ ಎಲ್ಲೆಡೆಯೂ ಒಂದೇ: “ಬಚ್ಚಾ ಥೋಡಾ ಗೇಮ್ ಖೇಲ್ತಾ ಥಾ, ಬಸ್.”

ಆದ್ದರಿಂದ ನಿರ್ಣಯ. ಬೈಕುಲ್ಲಾ ಶಾಖೆಯವರಿಗೆ 4090 ತ್ಯಾಜ್ಯ. 1080ಪಿ ಪರದೆಯವರಿಗೆ 4060 ಗ್ರಾಹ್ಯ, ಆದರೆ ಅದರ 8 ಜಿಬಿ ದೋಷವೇ ಹೊರತು ಅದೋಷವಲ್ಲ. ಪೂರ್ವಾಶ್ರಮ ಶುದ್ಧವಾಗಿದ್ದು ಬಿಲ್ಲೂ ವಾರಂಟಿಯೂ ಇರುವ 12 ಜಿಬಿಯ 3060 ಸಿಕ್ಕರೆ ಅದೂ ಶಾಸ್ತ್ರಸಮ್ಮತ. ಯಾವುದೇ ಆಗಲಿ, ಪರೀಕ್ಷೆಯ ರಿಸಲ್ಟ್ ಬಂದ ಮೇಲೆ ಕೊಳ್ಳತಕ್ಕದ್ದು ಎಂದು ಮಧ್ಯಸ್ಥೆಯ ಅಪ್ಪಣೆ.