ಅಭ್ಯರ್ಥಿಯೇ ಮತದಾರ

ತಮ್ಮ: ಅಣ್ಣಾ, ಲುಡಮ್ ಡೇರ್ ಅನ್ನೋ ಗೇಮ್ ತಯಾರಿ ಸ್ಪರ್ಧೆಗೆ ಗೇಮ್ ಹಾಕಿದೆ! 48 ಗಂಟೆ, ಒಬ್ಬನೇ. ಕೋಡು, ಚಿತ್ರ, ಸಂಗೀತ ಎಲ್ಲಾ ನಂದೇ.

ಅಣ್ಣ: ಭೇಷ್! ತೀರ್ಪುಗಾರರು ಯಾರೋ?

ತಮ್ಮ: ಸ್ಪರ್ಧಿಗಳೇ. 2002ರಲ್ಲಿ ಶುರುವಾದ ಸ್ಪರ್ಧೆ. ರ‍್ಯಾಂಕು ಬೇಕಂದ್ರೆ ಕಡೇಪಕ್ಷ 20 ಜನ ಅಂಕ ಕೊಡಬೇಕು. ನಾವು ಬೇರೆಯವರ ಗೇಮಿಗೆ ಅಂಕ ಕೊಟ್ಟಷ್ಟೂ ನಮ್ಮದು ಜನರ ಕಣ್ಣಿಗೆ ಬೀಳುತ್ತೆ.

ಅಣ್ಣ: ಓಹೋ, ಮದುವೆಮನೆ ಮುಯ್ಯಿ! ನೀನೆಷ್ಟು ಹಾಕಿದೆ?

ತಮ್ಮ: ರಾತ್ರಿಯಿಡೀ ಹಾಕಿದೆ. ಒಂದೊಂದಕ್ಕೆ ಎರಡು ನಿಮಿಷ.

ಅಣ್ಣ: ಅಷ್ಟರಲ್ಲೇ ಮಜಾ, ಹೊಸತನ, ಸಂಗೀತ ಎಲ್ಲಾ ಅಳೆದುಬಿಟ್ಟೆಯಾ?

ತಮ್ಮ: ಸಂಗೀತಕ್ಕೆ ಧಾರಾಳವಾಗಿ ಐದಕ್ಕೆ ನಾಲ್ಕು ಕೊಟ್ಟೆ. ಸ್ಪೀಕರ್ ಆಫ್ ಇತ್ತು.

ಅಣ್ಣ: ಡೌನ್‌ಲೋಡ್ ಮಾಡಬೇಕಾದ ಗೇಮುಗಳು?

ತಮ್ಮ: ಅದನ್ಯಾರು ಇಳಿಸಿಕೊಳ್ತಾರೆ! ಬ್ರೌಸರಿನಲ್ಲಿ ಓಡಿದರೆ ಆಡೋದು, ಇಲ್ಲದಿದ್ರೆ ಮುಂದೆ ಹೋಗೋದು.

ಅಣ್ಣ: ನಿನ್ನ ಗೇಮು?

ತಮ್ಮ: ...ಡೌನ್‌ಲೋಡೇ.

ಅಣ್ಣ: ಹಾಗಾದ್ರೆ ಇಚ್ ಡಾಟ್ ಐಓ ಜಾಲತಾಣದ ಗೇಮ್ ಜಾಮ್ ಸ್ಪರ್ಧೆಗೆ ಹಾಕು. ನಾಲ್ಕು ಗೆಳೆಯರು ಐದೈದು ಕೊಟ್ರೆ ನೀನೇ ಮೊದಲಿಗ!

ತಮ್ಮ: ಅಲ್ಲಿ ಲೆಕ್ಕ ಬಿಗಿ. ಮತಗಳ ಸಂಖ್ಯೆ ಮಧ್ಯಾಂಕಕ್ಕಿಂತ ಕಡಿಮೆಯಾದ್ರೆ ಅಂಕಕ್ಕೆ ವರ್ಗಮೂಲದ ಕತ್ತರಿ. ಮಧ್ಯಾಂಕ 16, ನಿನಗೆ ಬಿದ್ದದ್ದು 4 ಅಂದ್ರೆ ಕಾಲು ಭಾಗ, ಅದರ ವರ್ಗಮೂಲ ಅರ್ಧ; 5 ಅಂಕ ಎರಡೂವರೆ ಆಗುತ್ತೆ.

ಅಣ್ಣ: ಅಂದ್ರೆ ಗುಂಪುಗಾರಿಕೆಗೂ ಕತ್ತರಿ, ಗುರುತು ಪರಿಚಯ ಇಲ್ಲದ ಬಡಪಾಯಿಗೂ ಅದೇ ಕತ್ತರಿ!

ತಮ್ಮ: ಅದಕ್ಕೇ ಮುಂದಿನ ಸಲ ಮೂರು ಗಂಟೆ ಗೇಮು, 45 ಗಂಟೆ ಜನರನ್ನ ಸೆಳೆಯೋ ಥಂಬ್‌ನೇಲ್ ಚಿತ್ರ.

ಅಣ್ಣ: ಗೆದ್ದರೆ ಏನು ಬಹುಮಾನ?

ತಮ್ಮ: ಲುಡಮ್ ಡೇರ್‌ನಲ್ಲಿ ಏನೂ ಇಲ್ಲ. ಮಾಡಿದ ಗೇಮೇ ಬಹುಮಾನ.

ಅಣ್ಣ: ಅದು ಆಗಲೇ ನಿನ್ನ ಕೈಲಿದೆಯಲ್ಲೋ! ಮತ್ತೇಕೆ ಒದ್ದಾಟ?

ತಮ್ಮ: ರ‍್ಯಾಂಕು ಬೇಡವಾ? ಅಣ್ಣಾ, ಮುಂದಿನ ಸಲ ನೀನೂ ಒಂದು ಗೇಮು ಮಾಡಿಬಿಡು.

ಅಣ್ಣ: ನನ್ನ ಗೇಮು ಯಾರಾಡ್ತಾರೋ?

ತಮ್ಮ: ಆಡೋಕಲ್ಲ. ನನಗೆ ಓಟು ಹಾಕೋಕೆ!